ಔಷಧಿ ಚೀಟಿಯಲ್ಲಿ ಇಲ್ಲದ ಸಾಲು

ಶ್ವಾಸಕೋಶದ ಕ್ಯಾನ್ಸರ್‌ಗೆ ಆಪರೇಷನ್ ಆದವರಿಗೆ ವಾರ್ಡಿನಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಉಪಕರಣ ಕೊಡುತ್ತಾರೆ. ಮೂರು ಕೊಳವೆ, ಒಂದೊಂದರಲ್ಲೂ ಒಂದು ಬಣ್ಣದ ಚೆಂಡು. ನಳಿಕೆ ಬಾಯಿಗಿಟ್ಟು ಉಸಿರನ್ನು ನಿಧಾನವಾಗಿ ಒಳಕ್ಕೆಳೆದರೆ ಚೆಂಡು ಮೇಲೇಳುತ್ತದೆ. ಹೇಳಿಕೊಡುವವರಿಲ್ಲದಿದ್ದರೆ ಎಷ್ಟೋ ಜನ ಅದನ್ನು ಊದುತ್ತಾರೆ. ಊರಿಗೆ ಹೋದ ಮೇಲೆ ಅದು ಮೊಮ್ಮಕ್ಕಳ ಕೈ ಸೇರುತ್ತದೆ.

ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಒಂದು ಹಾಲೆ ತೆಗೆದರೂ ಬಹುತೇಕರು ಓಡಾಡಿಕೊಂಡಿರಬಲ್ಲರು. ಆದರೆ ಪಕ್ಕೆಲುಬಿನ ಸಂದಿನಲ್ಲಿ ಕೊಯ್ದ ನೋವಿಗೆ ರೋಗಿ ಕೆಮ್ಮಲು ಹೆದರುತ್ತಾರೆ, ಕಫ ಕಟ್ಟುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕೈ ಎತ್ತದೆ ಬಿಟ್ಟರೆ ಆ ಬದಿಯ ಭುಜವೂ ಬಿಗಿಯುತ್ತದೆ. ಉಸಿರಾಟದ ವ್ಯಾಯಾಮ, ನಡಿಗೆ, ಆಹಾರ, ಧೈರ್ಯದ ಮಾತು ಎಲ್ಲ ಸೇರಿದ್ದೇ ಪುನಶ್ಚೇತನ. ಇದಕ್ಕೆ ಭಾರಿ ಯಂತ್ರಗಳೇನೂ ಬೇಡ. ರೋಗಿಯ ತಾಕತ್ತು ಅಳೆಯಲು 30 ಮೀಟರ್ ಉದ್ದದ ಕಾರಿಡಾರ್, ಒಂದು ಗಡಿಯಾರ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸಾಕು. 6 ನಿಮಿಷದಲ್ಲಿ ಎಷ್ಟು ದೂರ ನಡೆದರೆಂದು ಬರೆದುಕೊಳ್ಳುತ್ತಾರೆ.

ಹಾಗಿದ್ದೂ ಇದು ಜನರಿಗೆ ಸಿಗುವುದಿಲ್ಲ. ದೂರ ಒಂದು ಕಾರಣ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಶುರುವಾಯಿತು. ಬೀದರ್, ರಾಯಚೂರಿನವರು ಇಂದಿಗೂ ರಾತ್ರಿ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ರಿಯಾಯಿತಿ ಇದೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯೂ ಇದೆ. ಆದರೆ ವಾರಕ್ಕೆರಡು ಸಲ, ಎಂಟು ವಾರ ಫಿಸಿಯೋಥೆರಪಿಗೆ ಬನ್ನಿ ಎಂದರೆ ಜೊತೆಗೆ ಬರುವ ಮಗನ ಕೂಲಿ ಯಾರು ಕೊಡಬೇಕು?

ಇನ್ನು ಅಪವಾದದ ಭಯ. ಬೀಡಿ ಸೇದಿದ್ದಕ್ಕೆ ಅನುಭವಿಸಲಿ ಎಂಬ ಮಾತು ಕೇಳಿಸಿಕೊಂಡವರು ಸೌಲಭ್ಯ ಕೇಳಲು ಹಿಂಜರಿಯುತ್ತಾರೆ. ಒಮ್ಮೆಯೂ ಸೇದದ ಹೆಂಗಸರಿಗೂ ಈ ರೋಗ ಬರುತ್ತದೆ ಎನ್ನುವುದು ಹಾಗೆ ಆಡುವವರಿಗೆ ಗೊತ್ತಿರುವುದಿಲ್ಲ. ಸೇದುವವರಿಗೂ ಬೇಕಿರುವುದು ಬೈಗುಳವಲ್ಲ, ಬಿಡಲು ನೆರವು. ಅದಕ್ಕೆ 1800-11-2356 ಎಂಬ ಉಚಿತ ದೂರವಾಣಿ ಇದೆ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಡಿಸ್ಚಾರ್ಜ್ ಚೀಟಿಯಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ಮಾತ್ರೆಗಳ ಮುಂದೆ 1-0-1 ಎಂದಿರುತ್ತದೆ. ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ನಡಿಗೆಯ ಮುಂದೆ ಏನೂ ಇರುವುದಿಲ್ಲ, ಅನೇಕ ಸಲ ನಡಿಗೆ ಎಂಬ ಸಾಲೇ ಇರುವುದಿಲ್ಲ. ಆಗ ಪ್ರೀತಿ ಮುಂದೆ ಬರುತ್ತದೆ. “ಅಪ್ಪಾ, ನೀವು ಏಳಬೇಡಿ, ನೀರು ನಾನೇ ತರ್ತೀನಿ.” ಕೂತಷ್ಟೂ ಕಾಲಿನ ಸ್ನಾಯು ಕರಗುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು. ಏದುಸಿರು ಕಂಡ ಮನೆಯವರು ಇನ್ನಷ್ಟು ಕೂರಿಸುತ್ತಾರೆ.

ಆದ್ದರಿಂದ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ: ದಿನಕ್ಕೆ ಎಷ್ಟು ನಿಮಿಷ ನಡೆಯಬೇಕು, ತಲೆ ಸುತ್ತಿದರೆ, ಎದೆ ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು, ನಮ್ಮ ತಾಲ್ಲೂಕಿನಲ್ಲಿ ಫಿಸಿಯೋಥೆರಪಿ ಎಲ್ಲಿದೆ. ರೋಗ ಮೂಳೆಗೆ ಹರಡಿದವರಿಗೆ ಕೆಲವು ವ್ಯಾಯಾಮ ಅಪಾಯ, ಮೂಳೆ ಮುರಿಯಬಹುದು; ಹಾಗಾಗಿ ಪಕ್ಕದ ಹಾಸಿಗೆಯವರ ಚೀಟಿ ನೋಡಿ ನಕಲು ಮಾಡಬೇಡಿ.