ಬೆಳಗಿನ ಉಪಾಹಾರದ ಗುಣವನ್ನು ಅಳೆಯುವ ಬಗೆ

ತಿಂಡಿಯಾಯಿತೇ ಎಂದು ಕೇಳುವುದು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಕುಶಲಪ್ರಶ್ನೆಯ ಒಂದು ಭಾಗವೇ ಆಗಿರುವುದಷ್ಟೆ. ಆಯಿತೆಂಬ ಉತ್ತರ ಬಂದರೆ ಕೇಳಿದವರಿಗೆ ತೃಪ್ತಿ. ಆ ತಿಂಡಿಯು ಎಂತಹುದು, ಅದರಿಂದ ದೇಹಕ್ಕೆ ದೊರೆತುದೇನು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಮಕ್ಕಳ ತೂಕ ಎತ್ತರಗಳನ್ನಾದರೂ ಶಾಲೆಯಲ್ಲಿ ಅಳೆದು ಬರೆದಿಡುವುದುಂಟು. ಬೆಳೆದವರ ಊಟವನ್ನು ಅಳೆಯುವವರು ಅಪರೂಪ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಮನೆಯ ಒಲೆಯನ್ನೂ ಹೊರಗಿನ ಉದ್ಯೋಗವನ್ನೂ ಒಟ್ಟಿಗೆ ನಡೆಸುತ್ತಿರುವರಾದ್ದರಿಂದ ಈ ವಿಷಯವನ್ನು ಅವರ ಮುಂದಿಡಲು ಅಪೇಕ್ಷಿಸುತ್ತೇವೆ.

ನಮ್ಮ ದೇಶದ ಆಹಾರಪದಾರ್ಥಗಳ ಸತ್ವವನ್ನು ಪರೀಕ್ಷಿಸಿ ಪಟ್ಟಿ ಮಾಡುವ ಕೆಲಸವು ದೂರದಲ್ಲೆಲ್ಲೋ ಅಲ್ಲ, ನೀಲಗಿರಿಯ ಕೂನೂರಿನಲ್ಲಿ ನಡೆಯಿತು. ಮೆಕ್ಯಾರಿಸನ್ ಎಂಬ ವೈದ್ಯರು ಅಲ್ಲಿ ಸ್ಥಾಪಿಸಿದ ಶೋಧನಾಲಯದಿಂದ, ಅವರ ತರುವಾಯ ಬಂದ ಐಕ್ರಾಯ್ಡ್ ಎಂಬವರ ಕಾಲದಲ್ಲಿ, 1937ರಲ್ಲಿ ಇಂತಹ ಪಟ್ಟಿಯು ಪ್ರಕಟವಾಯಿತು. ಆ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಸಾಗಿತು. ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಈಗ ಹೆಸರಾದ ಅದು 2017ರಲ್ಲಿ ಹೊರತಂದ ಪಟ್ಟಿಯೇ ನಾವು ಕೆಳಗೆ ಹೇಳುವ ಅಂಕಿಗಳಿಗೆ ಆಧಾರವು.

ಅಳೆಯುವಾಗ ಮೊದಲನೆಯ ನಿಯಮವೇನೆಂದರೆ, ಬೇಯಿಸುವ ಮುನ್ನ ಹಿಟ್ಟನ್ನೂ ಕಾಳನ್ನೂ ತೂಗಬೇಕು. ಮುದ್ದೆಯನ್ನು ತೂಗಿದರೆ ತಕ್ಕಡಿಗೆ ಸಿಕ್ಕುವುದು ಹೆಚ್ಚಾಗಿ ನೀರೇ. ಪಾವಿನ ಅಳತೆಯೂ ಸಾಲದು. ಅದು ಗಾತ್ರವನ್ನು ಹೇಳುತ್ತದೆಯೇ ಹೊರತು ತೂಕವನ್ನಲ್ಲ. ಹೊಳಲ್ಕೆರೆಯ ಅಡಕೆ ತೋಟದ ಮನೆಯೊಂದರಲ್ಲಿ ಒಬ್ಬರ ಪಾಲಿಗೆ 80 ಗ್ರಾಂ ಅಕ್ಕಿಯ ಚಿತ್ರಾನ್ನವಾಯಿತೆಂದೂ, ಹೊಸದುರ್ಗದ ಒಣಭೂಮಿಯ ಮನೆಯಲ್ಲಿ 80 ಗ್ರಾಂ ರಾಗಿಹಿಟ್ಟಿನ ರೊಟ್ಟಿಯಾಯಿತೆಂದೂ ಭಾವಿಸೋಣ. ಇಬ್ಬರಿಗೂ ಹೊಟ್ಟೆ ತುಂಬುವುದು. ಆದರೆ ಸುಣ್ಣದ ಸತ್ವವಾದ ಕ್ಯಾಲ್ಸಿಯಂ ಆ ಅಕ್ಕಿಯಿಂದ ಸುಮಾರು 6 ಮಿಲಿಗ್ರಾಂ, ರಾಗಿಯಿಂದ ಸುಮಾರು 290 ಮಿಲಿಗ್ರಾಂ! ಕಬ್ಬಿಣವು ಅಕ್ಕಿಯಲ್ಲಿ ಅರ್ಧ ಮಿಲಿಗ್ರಾಂ, ರಾಗಿಯಲ್ಲಿ ಮೂರೂವರೆ ಮಿಲಿಗ್ರಾಮಿಗೂ ಮಿಗಿಲು. ನಾರಿನ ಅಂಶವೂ ರಾಗಿಯಲ್ಲಿ ನಾಲ್ಕು ಪಾಲು ಹೆಚ್ಚು. ಹಾಗೆಂದು ರಾಗಿಯನ್ನು ಬೆಳೆದವರು ಗರ್ವಪಡಬೇಕಾದುದಿಲ್ಲ. ಮಾಂಸಖಂಡಗಳನ್ನು ಬೆಳೆಸುವ ಪ್ರೋಟೀನು ರಾಗಿಯಲ್ಲಿ ಅಕ್ಕಿಗಿಂತ ಕೊಂಚ ಕಡಮೆಯೇ. ರೊಟ್ಟಿಯ ಜೊತೆಗೆ 25 ಗ್ರಾಂ ಕಡಲೆಕಾಯಿ ಬೀಜದ ಚಟ್ನಿಯಿದ್ದರೆ ಸುಮಾರು 6 ಗ್ರಾಂ ಪ್ರೋಟೀನು ಕೂಡಿ ಆ ಕೊರತೆ ತುಂಬುವುದು. ಚಿತ್ರಾನ್ನಕ್ಕೆ ಧಾರಾಳವಾಗಿ ಕಡಲೆಕಾಯಿ ಹಾಕುವ ನಮ್ಮವರ ರೂಢಿಯೂ ಈ ಲೆಕ್ಕದಲ್ಲಿ ಜಾಣತನವೇ ಸರಿ.

ಇಷ್ಟನ್ನೆಲ್ಲ ಒಂದೇ ಅಂಕಿಯಲ್ಲಿ ಹೇಳಲು ಪಂಡಿತರು ಕೆಲವು ಮಾನಗಳನ್ನು ಮಾಡಿರುವರು. ಅಮೇರಿಕಾ ದೇಶದ ಡ್ರೆವ್ನೋವ್ಸ್ಕಿ ಎಂಬವರ ಕ್ರಮದಲ್ಲಿ ಪ್ರೋಟೀನು, ನಾರು, ಕ್ಯಾಲ್ಸಿಯಂ, ಕಬ್ಬಿಣ ಮೊದಲಾದ ಒಂಬತ್ತು ಒಳ್ಳೆಯ ಅಂಶಗಳು ದಿನದ ಅವಶ್ಯಕತೆಯಲ್ಲಿ ಎಷ್ಟನ್ನು ಪೂರೈಸುತ್ತವೆಂದು, ತಿಂದ ಪ್ರತಿ 100 ಕ್ಯಾಲೊರಿಗೆ ಲೆಕ್ಕ ಹಾಕಿ ಕೂಡಿಸಿ, ಅದರಿಂದ ಗಟ್ಟಿ ಕೊಬ್ಬು, ಬೆರೆಸಿದ ಸಕ್ಕರೆ, ಉಪ್ಪಿನ ಸೋಡಿಯಂ ಈ ಮೂರನ್ನು ಕಳೆಯುವರು. ಆದಕಾರಣ ತಟ್ಟೆ ದೊಡ್ಡದಾದ ಮಾತ್ರಕ್ಕೆ ಅಂಕ ಏರುವುದಿಲ್ಲ. ಉಪ್ಪಿನಕಾಯಿಯ ಹೋಳನ್ನೂ ಎರಡನೆಯ ಲೋಟ ಕಾಫಿಯ ಸಕ್ಕರೆಯನ್ನೂ ಬರೆಯದೆ ಬಿಟ್ಟರೆ ಲೆಕ್ಕವು ಸುಳ್ಳಾಗುವುದು. ಜನರು ಮರೆಯುವುದೂ ಸಾಮಾನ್ಯವಾಗಿ ಇವನ್ನೇ. ಒಂದೇ ದಿನದ ತಿಂಡಿಯಿಂದ ತೀರ್ಮಾನಿಸುವುದೂ ತಪ್ಪು. ಸಂತೆಯ ದಿನ, ಉಪವಾಸದ ದಿನ, ನೆಂಟರು ಬಂದ ದಿನ ಬೇರೆಬೇರೆಯಾಗಿರುವುದರಿಂದ, ಒಂದಕ್ಕೊಂದು ತಾಗದ ಎರಡು ಮೂರು ದಿನಗಳನ್ನಾದರೂ ಬರೆದುಕೊಳ್ಳಬೇಕು.

ಪಟ್ಟಿಯ ಅಂಕಿಯೆಲ್ಲ ರಕ್ತಕ್ಕೆ ಸೇರುವುದೆಂದೂ ತಿಳಿಯಲಾಗದು. ರಾಗಿಯ ಕೆಲವು ಅಂಶಗಳೇ ಅದರ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ಹಿಡಿತ ಸಡಿಲುವುದು. ನಿಂಬೆಯ ರಸ ಕಬ್ಬಿಣಕ್ಕೆ ಸಹಾಯಕ, ಊಟದೊಡನೆ ಕುಡಿದ ಕಾಫಿ ಚಹಗಳು ವಿರೋಧಿಗಳು. ಕಾಫಿಯನ್ನು ಒಂದು ಗಂಟೆ ತಡಮಾಡಿದರೆ ಸಾಕು. ಬಿಡಬೇಕೆಂದು ನಾವು ಹೇಳಲಾರೆವು, ಹೇಳಿದರೂ ಕೇಳುವವರಿಲ್ಲ.

ಇವೆಲ್ಲಕ್ಕಿಂತ ದೊಡ್ಡ ತಪ್ಪೊಂದು ಅಳೆಯುವವರ ಪ್ರಶ್ನೆಯಲ್ಲಿಯೇ ಅಡಗಿದೆ. ಮನೆಯಲ್ಲಿ ಏನು ಮಾಡಿದಿರಿ ಎಂದು ಕೇಳಿ, ಬಂದ ಉತ್ತರವನ್ನು ಮನೆಯವರ ಸಂಖ್ಯೆಯಿಂದ ಭಾಗಿಸುವುದು ಸುಲಭವಾದ ದಾರಿ. ಆದರೆ ಹಿರಿಯೂರಿನಲ್ಲಾಗಲಿ ದುರ್ಗದಲ್ಲಾಗಲಿ, ಎಲ್ಲರಿಗೂ ಬಡಿಸಿ, ಡಬ್ಬಿಗಳನ್ನು ತುಂಬಿ, ಹತ್ತು ಗಂಟೆಗೆ ನಿಂತುಕೊಂಡೇ ಉಳಿದುದನ್ನು ತಿನ್ನುವ ತಾಯಿಯ ಪಾಲು ಆ ಭಾಗಾಕಾರದಲ್ಲಿ ಸೇರುವುದೇ? ಪಲ್ಯ ತೀರಿರುತ್ತದೆ, ಕಾಳು ಮಕ್ಕಳ ತಟ್ಟೆಗೆ ಹೋಗಿರುತ್ತದೆ. ಅವಳಿಗೆ ಉಳಿಯುವುದು ಅನ್ನವೂ ಒಗ್ಗರಣೆಯ ಎಣ್ಣೆಯೂ. ಬೆಳೆದ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸಿಗೆ 19 ಸಾಕು ಎಂದು 2020ರ ನಿರ್ಣಯವಿದೆ; ಹೆಚ್ಚು ಬೇಕಾದವಳೇ ಕಡೆಗೆ ಉಣ್ಣುವವಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇದಕ್ಕೆ ಬೆಳಗಿನ ತಿಂಡಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಸಣ್ಣ ತಕ್ಕಡಿಯೊಂದನ್ನು ಅಡಿಗೆಮನೆಗೆ ತಂದುಕೊಳ್ಳುವ ಸೋದರಿಯರು ಮೊದಲು ತೂಗಬೇಕಾದುದು ಯಜಮಾನರ ತಟ್ಟೆಯನ್ನಲ್ಲ, ತಮ್ಮ ತಟ್ಟೆಯನ್ನು. ಅದನ್ನೂ ಬಡಿಸುವ ಹೊತ್ತಿನಲ್ಲಲ್ಲ, ತಾವು ನಿಜವಾಗಿ ತಿನ್ನುವ ಹೊತ್ತಿನಲ್ಲಿ, ಗಡಿಯಾರದ ಗಂಟೆಯನ್ನೂ ಪಕ್ಕದಲ್ಲಿ ಬರೆದುಕೊಂಡು.