ಶಾಲೆಯ ಬಾಗಿಲು ತೆರೆಸಿದ ದತ್ತಿ

1977ರ ಸೆಪ್ಟೆಂಬರ್. ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಪಟ್ಟಣದಲ್ಲಿ ಫೆಡರಲ್ ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ಬೆಳಗಿನ ಆರು ಗಂಟೆಗೇ ವಿಚಾರಣೆ ಇಟ್ಟುಕೊಂಡರು. ಫಿರ್ಯಾದಿಗಳು ಜನರ ಕಣ್ಣಿಗೆ ಬೀಳದಿರಲಿ ಎಂಬುದು ಅವರ ಕಾಳಜಿ. ಬಂದವರು ದಾಖಲೆಯಿಲ್ಲದ ಮೆಕ್ಸಿಕನ್ ಕುಟುಂಬಗಳು. ಗಡೀಪಾರು ಮಾಡಿಯೇಬಿಟ್ಟರೆ ಎಂಬ ಭಯದಲ್ಲಿ ಮನೆ ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ಬಂದವರೂ ಇದ್ದರು. ಅವರು ಕೇಳಿದ್ದು ಇಷ್ಟೇ: ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಿ.

ಇಂಥ ಮಕ್ಕಳ ಶಿಕ್ಷಣಕ್ಕೆ ಹಣ ಕೊಡುವುದಿಲ್ಲ ಎಂದು ಟೆಕ್ಸಾಸ್ 1975ರಲ್ಲೇ ಕಾನೂನು ಮಾಡಿತ್ತು. ಟೈಲರ್ ಶಾಲಾ ಮಂಡಳಿ ತಲೆಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹೇರಿತು. ಕೂಲಿನಾಲಿ ಮಾಡುವವರು ಅಷ್ಟು ಹಣವನ್ನು ಎಲ್ಲಿಂದ ತರಬೇಕು? ಮಕ್ಕಳು ಮನೆಯಲ್ಲೇ ಉಳಿದರು.

ಇವರ ಪರವಾಗಿ ವಾದಿಸಲು ನಿಂತದ್ದು ಮಾಲ್ಡೆಫ್ ಎಂಬ ಕಾನೂನು ನೆರವಿನ ಸಂಸ್ಥೆ. ಅದು ಹುಟ್ಟಿದ್ದರ ಹಿಂದೆಯೂ ಒಂದು ಕಥೆಯಿದೆ. ಸ್ಯಾನ್ ಆಂಟೋನಿಯೊದ ವಕೀಲ ಪೀಟ್ ತಿಹೆರಿನಾ 1966ರಲ್ಲಿ ಕಾಲು ಕಳೆದುಕೊಂಡ ಮೆಕ್ಸಿಕನ್-ಅಮೆರಿಕನ್ ಮಹಿಳೆಯೊಬ್ಬರ ಪರಿಹಾರದ ಮೊಕದ್ದಮೆ ನಡೆಸುತ್ತಿದ್ದರು. ಜ್ಯೂರಿಯಲ್ಲಿ ಅವರ ಸಮುದಾಯದವರಿಗೆ ಜಾಗವೇ ಇರಲಿಲ್ಲ. ಒಬ್ಬ ವಕೀಲನಿಂದ ಆಗುವ ಕೆಲಸವಲ್ಲ ಇದು ಎಂದು ಅರಿತ ತಿಹೆರಿನಾ, ಕಪ್ಪು ಜನರ ಹಕ್ಕುಗಳಿಗಾಗಿ ನ್ಯಾಯಾಲಯದಲ್ಲಿ ಹೋರಾಡುತ್ತಿದ್ದ ಎನ್‌ಎಎಸಿಪಿ ಕಾನೂನು ನಿಧಿಯ ಜ್ಯಾಕ್ ಗ್ರೀನ್‌ಬರ್ಗ್ ಅವರ ನೆರವು ಕೋರಿದರು. ಗ್ರೀನ್‌ಬರ್ಗ್ ತಿಹೆರಿನಾ ಅವರನ್ನು ಫೋರ್ಡ್ ಪ್ರತಿಷ್ಠಾನಕ್ಕೆ ಪರಿಚಯಿಸಿದರು. 1968ರಲ್ಲಿ ಮಾಲ್ಡೆಫ್ ಕಟ್ಟಲು ಫೋರ್ಡ್ ಐದು ವರ್ಷಗಳಿಗೆಂದು 22 ಲಕ್ಷ ಡಾಲರ್ ಕೊಟ್ಟಿತು. ಅದರಲ್ಲಿ 2.5 ಲಕ್ಷ ಕಾನೂನು ಓದುವ ಮೆಕ್ಸಿಕನ್-ಅಮೆರಿಕನ್ನರ ವಿದ್ಯಾರ್ಥಿವೇತನಕ್ಕೆ ಮೀಸಲು.

ದತ್ತಿಯ ಜೊತೆ ಕೊಟ್ಟವರ ಒತ್ತಡವೂ ಬಂತು. ರಾಜಕೀಯ ಟೀಕೆಗೆ ಅಂಜಿದ ಫೋರ್ಡ್ ಪಟ್ಟು ಹಿಡಿದಿದ್ದರಿಂದ 1970ರಲ್ಲಿ ಕೇಂದ್ರ ಕಚೇರಿ ಸ್ಯಾನ್ ಆಂಟೋನಿಯೊ ಬಿಡಬೇಕಾಯಿತು. ಆದರೂ ಸಂಸ್ಥೆ ಬಾಳಿತು, ವಕೀಲರು ಪಳಗಿದರು. ಟೈಲರ್‌ನ ಪೋಷಕರಿಗೆ ವಕೀಲರು ಬೇಕಾದಾಗ ಅವರು ಸಿದ್ಧರಿದ್ದರು.

ಜಿಲ್ಲಾ ನ್ಯಾಯಾಲಯದಲ್ಲಿ ಗೆದ್ದ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 1982ರ ಜೂನ್ 15ರಂದು 'ಪ್ಲೈಲರ್ ವಿರುದ್ಧ ಡೋ' ತೀರ್ಪು ಹೊರಬಿತ್ತು. ಐವರು ನ್ಯಾಯಮೂರ್ತಿಗಳು ಮಕ್ಕಳ ಪರ, ನಾಲ್ವರು ವಿರುದ್ಧ. ತಂದೆತಾಯಿ ಗಡಿ ದಾಟಿದ್ದಕ್ಕೆ ಮಕ್ಕಳಿಗೆ ಶಾಲೆ ನಿರಾಕರಿಸುವ ಹಕ್ಕು ರಾಜ್ಯಕ್ಕಿಲ್ಲ ಎಂದಾಯಿತು. 1994ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದಾಖಲೆಯಿಲ್ಲದವರಿಗೆ ಶಾಲೆ, ಚಿಕಿತ್ಸೆ ನಿಲ್ಲಿಸುವ 187ನೇ ಪ್ರಸ್ತಾವ ಒಪ್ಪಿದಾಗಲೂ ಮಾಲ್ಡೆಫ್ ಕೋರ್ಟಿಗೆ ಹೋಯಿತು. ಶಾಲೆಯ ನಿರ್ಬಂಧವನ್ನು ತಡೆಯಲು ಇದೇ ತೀರ್ಪು ಆಧಾರವಾಯಿತು.

ಅಪಾಯ ಮುಗಿದಿಲ್ಲ. 2025ರ ಏಪ್ರಿಲ್‌ನಲ್ಲಿ ಟೆನ್ನೆಸ್ಸಿಯ ಸೆನೆಟ್ ಈ ತೀರ್ಪಿಗೇ ಸವಾಲೊಡ್ಡುವ ಮಸೂದೆಯನ್ನು ಅಂಗೀಕರಿಸಿತು. ವಲಸಿಗರ ಹಕ್ಕುಗಳ ಮೇಲಿನ ಇಂಥ ದಾಳಿ ಒಂದೊಂದೇ ರಾಜ್ಯದಲ್ಲಿ ಏಳುತ್ತದೆ. ಅದಕ್ಕೆ ಉತ್ತರ ಕೊಡುವ ವಕೀಲರೂ ಆಯಾ ರಾಜ್ಯದಲ್ಲೇ ಇರಬೇಕು. ಸಂಕಟ ಸುದ್ದಿಯಾದ ಮೇಲೆ ಚೆಕ್ ಬರೆಯುವುದು ಯುದ್ಧಕಾಲದ ಶಸ್ತ್ರಾಭ್ಯಾಸ. ದಾನಿಗಳು ಇಂದೇ, ಹಲವು ವರ್ಷಗಳಿಗೆ ಆಗುವಷ್ಟು, ಅಂಕುಶವಿಲ್ಲದೆ ಕೊಡಲಿ. 1968ರ ಹಣ ಫಲ ಕೊಟ್ಟದ್ದು ಹದಿನಾಲ್ಕು ವರ್ಷಗಳ ನಂತರ.