ಮೂವತ್ತೊಂದು ಮಾತ್ರೆಯ ಕವಿತೆ

ಗೋವಾದ ಕುಡಚಡೆ ಸುತ್ತಲಿನ ಕಬ್ಬಿಣದ ಅದಿರು ದಶಕಗಟ್ಟಲೆ ಬಾರ್ಜು ಹತ್ತಿ, ಝುವಾರಿ ಹೊಳೆಯಲ್ಲಿ ಸಾಗಿ, ಮುರಗಾಂವ ಬಂದರಿನಿಂದ ಜಪಾನಿಗೆ ಹೋಯಿತು. ಜಪಾನಿನ ಹಳೆಯ ಕವಿತೆ ಮಾತ್ರ ಈ ಕಡೆ ಬಂದದ್ದು ಕಡಿಮೆ. ಬಂದರೂ ‘ಇಷ್ಟೇನಾ?’ ಎಂದು ಪುಟ ತಿರುವಿಬಿಡುತ್ತೇವೆ.

ಮೊದಲು ಲೆಕ್ಕ ನೋಡೋಣ. ‘ತಂಕಾ’ ಎಂಬ ಹಳೆಯ ಪದ್ಯರೂಪಕ್ಕೆ ಐದು ತುಂಡು: 5-7-5-7-7, ಒಟ್ಟು 31. ಮೊದಲ ಮೂರು ತುಂಡು ಕಾಲಕ್ರಮೇಣ ಬೇರೆಯಾಗಿ ನಿಂತು ಹೈಕು ಆಯಿತು. ಎಣಿಕೆ ಹೆಚ್ಚುಕಡಿಮೆ ನಮ್ಮ ಮಾತ್ರೆಯದೇ. ‘ನಿಪ್ಪೊನ್’ ಅವರಿಗೆ ನಾಲ್ಕು. ಲಘು-ಗುರು ಹಾಕಿದರೆ ನಮಗೂ ನಾಲ್ಕು.

ವಸ್ತುವಿನ ಹರವು ಕಿರಿದು. 905ರ ಸುಮಾರಿಗೆ ಚಕ್ರವರ್ತಿಯ ಅಪ್ಪಣೆಯಂತೆ ಕೂಡಿಸಿದ ‘ಕೊಕಿನ್‌ಶೂ’ ಕವಿತಾ ಸಂಕಲನದ 20 ಸಂಪುಟಗಳಲ್ಲಿ ಮೊದಲ 6 ಋತುಗಳಿಗೆ, ಮುಂದೆ 5 ಪ್ರೇಮಕ್ಕೆ ಮೀಸಲು. ಪ್ರೇಮವೆಂದರೂ ಕೂಡಿದ ಸುಖಕ್ಕಿಂತ ಕಾಯುವುದು, ಅಗಲುವುದೇ ಜಾಸ್ತಿ.

ಹೈಕುವಿನಲ್ಲಿ ಋತು ಸೂಚಿಸುವ ಒಂದು ಮಾತು ಇರಬೇಕೆಂಬುದು ರೂಢಿ. ಅದು ‘ಕಿಗೊ’. ಕುಡಚಡೆಯಲ್ಲಿ ‘ಉರ್ರಾಕ್’ ಎಂದು ನೋಡಿ. ಗೇರುಹಣ್ಣಿನ ರಸ ಹುಳಿಬರಿಸಿ ಮೊದಲ ಸಲ ಭಟ್ಟಿ ಇಳಿಸಿದ್ದು ಅದು. ಹೆಚ್ಚು ದಿನ ಇಟ್ಟರೆ ರುಚಿ ಕೆಡುತ್ತದೆ; ಹಾಗಾಗಿ ಗೇರು ಹಣ್ಣಾಗುವ ದಿನಗಳಲ್ಲೇ ಸಿಗುತ್ತದೆ. ಆ ಒಂದೇ ಮಾತಿಗೆ ಏಪ್ರಿಲ್ ಬಿಸಿಲು, ಸೆಕೆ, ಮರದಡಿ ಬಿದ್ದ ಹಣ್ಣಿನ ಗಮ್ಮೆನ್ನುವ ವಾಸನೆ ಎಲ್ಲ ಬಂದುಬಿಡುತ್ತವೆ. ಅದೇ ಹಣ್ಣಿನ ಫೇಣಿ ವರ್ಷವಿಡೀ ಸಿಗುವ ಮಾಲು. ಅದಕ್ಕೆ ಆ ಕಸುವಿಲ್ಲ.

ಇನ್ನೊಂದು ‘ಕಿರೆಜಿ’, ಕವಿತೆಯನ್ನು ನಡುವೆ ಕಡಿಯುವ ಮಾತು. ಕಡಿದ ಎರಡು ಕಡೆಯ ಸಂಬಂಧವೇನೆಂದು ಕವಿ ಹೇಳುವುದಿಲ್ಲ. ಉದಾಹರಣೆಗೆಂದು ನಾನೇ ಕಟ್ಟಿದ್ದು:

ಮೊದಲ ಮಳೆ—
ಹಳಿಗಳ ನಡುವೆ
ಕೆನ್ನೀರು

ಮಾತ್ರೆ 5-7-5. ಗಣಿ ಎಂಬ ಮಾತೇ ಇಲ್ಲ. ಆದರೆ ಗೋವಾದ ಗಣಿಗಾರಿಕೆ 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ನಿಂತದ್ದನ್ನು ಬಲ್ಲವರಿಗೆ ಈ ಕೆಂಪು ಹಳೆಯ ಅದಿರಿನ ಧೂಳೋ, ಬರೀ ಜಂಬಿಟ್ಟಿಗೆ ಮಣ್ಣೋ ಎಂಬ ಅನುಮಾನ ಬರುತ್ತದೆ. ಅದನ್ನು ಬಗೆಹರಿಸುವ ನಾಲ್ಕನೆಯ ಸಾಲು ಸೇರಿಸಿದರೆ ಹೈಕು ಕೆಟ್ಟಿತು.

ನಮಗೆ ತೊಡಕು ಬೇರೆಯೇ ಇದೆ. ದಿನಕರ ದೇಸಾಯರ ಚುಟುಕ, ಡುಂಡಿರಾಜರ ಹನಿಗವನ ಓದಿ ಬೆಳೆದ ಕಿವಿ ಕೊನೆಗೊಂದು ಚಾಟಿಗೆ ಕಾಯುತ್ತದೆ. ಜಪಾನಿನ ಹೈಕುಕಾರ ಬಾಶೋ (1644–1694) ಹಾಗೆ ಚಾಟಿ ಬೀಸುವ ಕವಿಯಲ್ಲ. ಇಡೀ ಸಂಕಲನವನ್ನು ಒಂದೇ ಪಟ್ಟಿಗೆ ಓದಿದರೆ ಸಪ್ಪೆ ಅನಿಸುವುದು ಖಂಡಿತ. ಒಂದನ್ನು ಓದಿ, ಋತು ಯಾವುದು, ಕಡಿದದ್ದು ಎಲ್ಲಿ ಎಂದು ಹುಡುಕಿ, ಆಮೇಲೆ ಮುಂದಿನದು.